ಕೈಟ್ ಸ್ಕಿಮ್‌ಬೋರ್ಡ್: ಫಿನ್ ಇಟ್ಟು ಕಲಿಯಿರಿ, ಆಮೇಲೆ ಒಂದೊಂದಾಗಿ ಕಳಚಿ

ತುಮಕೂರಿನಿಂದ ಸಮುದ್ರ ಸುಮಾರು 300 ಕಿ.ಮೀ. ದೂರ, ಮಧ್ಯೆ ಶಿರಾಡಿ ಘಾಟಿ ಬೇರೆ. ಇಲ್ಲಿ ಕೂತು ಕೈಟ್ ಸ್ಕಿಮ್‌ಬೋರ್ಡಿನ ಬಗ್ಗೆ ಬರೆಯುವುದು ತಮಾಷೆ ಅನ್ನಿಸಬಹುದು. ಆದರೆ ದೊಡ್ಡ ಗಾಳಿಪಟ (ಕೈಟ್) ಎಳೆಯುವಾಗ ಹಲಗೆಯ ಮೇಲೆ ನಿಂತು ನೀರ ಮೇಲೆ ಜಾರುವ ಈ ಆಟದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಳಿಯ ಲೆಕ್ಕ. ಗಾಳಿಗಂತೂ ನಮ್ಮಲ್ಲಿ ಬರ ಇಲ್ಲ. ಆಷಾಢದಲ್ಲಿ ಶಿರಾ, ಮಧುಗಿರಿ, ಪಾವಗಡದ ಬಯಲಲ್ಲಿ ನಿಂತರೆ ಟೋಪಿ ತಲೆ ಮೇಲೆ ನಿಲ್ಲುವುದಿಲ್ಲ. ಕೈಟ್ ಹಿಡಿಯುವುದನ್ನು ಇಲ್ಲೇ ರೂಢಿ ಮಾಡಿಕೊಂಡು, ನೀರಿನ ಪಾಠಕ್ಕೆ ಮಾತ್ರ ಕರಾವಳಿಗೆ ಹೋದರೆ ದುಡ್ಡು, ರಜೆ ಎರಡೂ ಉಳಿಯುತ್ತವೆ.

ಮೊದಲು ಹಲಗೆಯನ್ನು ನೋಡೋಣ. ಕೈಟ್ ಸ್ಕಿಮ್‌ಬೋರ್ಡ್ ಅಗಲವಾದ, ತೆಳುವಾದ ಬೋರ್ಡು. ಸಾಮಾನ್ಯವಾಗಿ 130ರಿಂದ 145 ಸೆಂ.ಮೀ. ಉದ್ದ, 45ರಿಂದ 52 ಸೆಂ.ಮೀ. ಅಗಲ. ಕಾಲು ಸಿಕ್ಕಿಸಲು ಪಟ್ಟಿ ಇರುವುದಿಲ್ಲ. ಮೇಲೆ ಒರಟಾದ ಫೋಮ್ ಪ್ಯಾಡ್ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಮೇಣ ಹಚ್ಚಬೇಕು. ಕೆಳಗಡೆ ಹಿಂಭಾಗದಲ್ಲಿ 2ರಿಂದ 5 ಸೆಂ.ಮೀ. ಎತ್ತರದ, ಮೀನಿನ ರೆಕ್ಕೆಯಂಥ ಸಣ್ಣ ಫಿನ್‌ಗಳು ಇರಬಹುದು, ಇಲ್ಲದೆಯೂ ಇರಬಹುದು. ಅಗಲ ಜಾಸ್ತಿ ಇರುವುದರಿಂದ ಕಡಿಮೆ ಗಾಳಿಯಲ್ಲೂ ತೇಲಿಕೊಂಡು ಓಡುತ್ತದೆ. ಮಾಮೂಲಿ ಕೈಟ್‌ಬೋರ್ಡಿನವರು ದಡದಲ್ಲಿ ಕೂತು ಗಾಳಿಗೆ ಕಾಯುತ್ತಿರುವಾಗ ಸ್ಕಿಮ್‌ಬೋರ್ಡಿನವರು ನೀರಲ್ಲಿ ಆಡುತ್ತಿರುತ್ತಾರೆ.

ನಮ್ಮ ಕೆರೆಗಳಲ್ಲಿ ಆಗಲ್ವಾ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ನನ್ನ ಉತ್ತರ: ಬೇಡ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಗಳಲ್ಲೂ ಕೆರೆಗಳಿಗೆ ಕೊರತೆ ಇಲ್ಲ, ನೋಡಿದರೆ ಆಸೆಯೂ ಆಗುತ್ತದೆ. ಆದರೆ ಕೆರೆಯ ಒಂದು ಕಡೆ ಏರಿ, ಏರಿಯ ಮೇಲೆ ಮರ, ಪಕ್ಕದಲ್ಲೇ ಪಂಪ್‌ಸೆಟ್ಟಿಗೆ ಎಳೆದ ಕರೆಂಟಿನ ತಂತಿ. ಕೈಟಿನ ದಾರ 20 ಮೀಟರಿಗಿಂತ ಉದ್ದ ಇರುತ್ತದೆ. ಅದು ತಂತಿಗೆ ತಗಲಿದರೆ ಕಥೆ ಮುಗಿಯಿತು. ಹೂಳು ತೆಗೆದ ಕಡೆ ನೀರೊಳಗೆ ದೊಡ್ಡ ದೊಡ್ಡ ಗುಂಡಿಗಳಿರುತ್ತವೆ. ಮೊಣಕಾಲುದ್ದ ನೀರು ಅಂತ ಇಳಿದವರು ಮುಂದಿನ ಹೆಜ್ಜೆಗೆ ಮುಳುಗುತ್ತಾರೆ. ಮೀನಿನ ಬಲೆ, ಜಾಲಿ ಮುಳ್ಳು, ತೂಬು, ಕೋಡಿ ಇವೆಲ್ಲ ಬೇರೆ ಇವೆ.

ನೀರಿನ ಮಾತೂ ಇದೆ. ಕೋಲಾರದ ಬಹಳಷ್ಟು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಹರಿಸುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಡೆಗೆ ಎಚ್.ಎನ್. ವ್ಯಾಲಿ ಯೋಜನೆಯ ಅಂಥದ್ದೇ ನೀರು ಬರುತ್ತದೆ. ಅಂತರ್ಜಲ ಏರಿಸಲು ಬಿಟ್ಟ ನೀರು ಅದು. ಬೀಳುತ್ತಾ ಏಳುತ್ತಾ ಬಾಯಿಗೆ ಮೂಗಿಗೆ ತುಂಬಿಕೊಳ್ಳುವಂಥದ್ದಲ್ಲ. ಇತ್ತ ತುಮಕೂರಿನ ಬುಗುಡನಹಳ್ಳಿ ಕೆರೆಯಲ್ಲಿರುವುದು ಹೇಮಾವತಿ ನೀರು, ಊರಿಗೆ ಕುಡಿಯಲು ಹೋಗುವಂಥದ್ದು. ಅಲ್ಲಿ ಇಳಿಯುವ ಯೋಚನೆಯೇ ತಪ್ಪು.

ಹಾಗಾಗಿ ಊರಲ್ಲಿ ಕೈಟ್ ಮತ್ತು ಕಾಲು, ಕರಾವಳಿಯಲ್ಲಿ ನೀರು. ಹೀಗೆ ಹಂಚಿಕೊಳ್ಳಿ.

ಬಯಲಲ್ಲಿ ಕೈಟ್ ಅಭ್ಯಾಸ

2ರಿಂದ 3 ಚದರ ಮೀಟರಿನ ಟ್ರೈನರ್ ಕೈಟ್ ತಗೊಳ್ಳಿ. ಗಾಳಿ ತುಂಬುವ ದೊಡ್ಡ ಕೈಟನ್ನು ಆಷಾಢದ ಗಾಳಿಯಲ್ಲಿ ನೆಲದ ಮೇಲೆ ಎತ್ತಲೇಬೇಡಿ. ನೀರಲ್ಲಿ ಎಳೆದುಕೊಂಡು ಹೋದರೆ ನೀರು ಕುಡಿಯುತ್ತೀರಿ, ನೆಲದಲ್ಲಿ ಎಳೆದುಕೊಂಡು ಹೋದರೆ ಚರ್ಮ ಉಳಿಯುವುದಿಲ್ಲ.

ಜಾಗ ಆರಿಸುವಾಗ ಗಾಳಿ ಬರುವ ದಿಕ್ಕಿನಲ್ಲಿ ಏನಿದೆ ನೋಡಿ. ಮರವೋ ಕಟ್ಟಡವೋ ಅಡ್ಡ ಇದ್ದರೆ ಅದರ ಎತ್ತರದ ಏಳು ಪಟ್ಟು ದೂರದವರೆಗೂ ಗಾಳಿ ಸುಳಿ ಸುಳಿಯಾಗಿರುತ್ತದೆ. 15 ಮೀಟರಿನ ತೆಂಗಿನ ಮರಗಳ ಸಾಲಿದ್ದರೆ ಕಡಿಮೆ ಅಂದರೂ 105 ಮೀಟರ್ ಆಚೆ ನಿಲ್ಲಬೇಕು. ಮಧುಗಿರಿಯ ಏಕಶಿಲಾ ಬೆಟ್ಟದಂಥದ್ದು ಅಡ್ಡ ಇದ್ದರೆ ಲೆಕ್ಕ ಕಿಲೋಮೀಟರುಗಳಿಗೆ ಹೋಗುತ್ತದೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುವುದರಿಂದ ಬೆಟ್ಟ ನಿಮ್ಮ ಪೂರ್ವಕ್ಕಿದ್ದರೆ, ಅದೂ ಸಾಕಷ್ಟು ದೂರದಲ್ಲಿದ್ದರೆ, ತೊಂದರೆ ಇಲ್ಲ. ಪಶ್ಚಿಮಕ್ಕಿದ್ದರೆ ಬೇರೆ ಬಯಲು ಹುಡುಕಿ. ಹೊಲದಲ್ಲಿ ಬೆಳೆ ಇದ್ದರೆ ಕಾಲಿಡಬೇಡಿ. ಬೀಳು ಬಿಟ್ಟ ಜಾಗವಾದರೂ ಯಾರದು ಅಂತ ಕೇಳಿಕೊಂಡೇ ಇಳಿಯಿರಿ. ಕುರಿ ಮೇಯಿಸುವವರು ಬಂದು "ಏನಣ್ಣ ಇದು, ಪ್ಯಾರಾಚೂಟಾ?" ಅಂತ ಕೇಳುವುದಂತೂ ಗ್ಯಾರಂಟಿ. ಅವರನ್ನೂ ಕುರಿಗಳನ್ನೂ ನಿಮ್ಮ ಬೆನ್ನ ಹಿಂದೆ ನಿಲ್ಲಿಸಿ. ದಾರದ ಕೆಳಗೆ ಯಾರೂ ಇರಬಾರದು. ಈ ದಾರ ನಮ್ಮ ಹಬ್ಬದ ಗಾಳಿಪಟದ ದಾರದ ಹಾಗಲ್ಲ, ಬಿಗಿಯಾಗಿರುವಾಗ ಬೆರಳನ್ನೇ ಕತ್ತರಿಸಬಲ್ಲದು.

ಗಾಳಿ ಎಷ್ಟಿದೆ ಅಂತ ಕಣ್ಣಲ್ಲೇ ಅಂದಾಜು ಮಾಡಬಹುದು. ಎಲೆ, ಸಣ್ಣ ಕಡ್ಡಿ ಒಂದೇ ಸಮನೆ ಅಲ್ಲಾಡುತ್ತಿದ್ದರೆ ಗಂಟೆಗೆ 12ರಿಂದ 19 ಕಿ.ಮೀ. ಧೂಳು, ಕಾಗದ ಮೇಲೇಳುತ್ತಿದ್ದರೆ 20ರಿಂದ 28. ಸಣ್ಣ ಮರಗಳೇ ತೂಗಾಡುತ್ತಿದ್ದರೆ 29ರಿಂದ 38. ಟ್ರೈನರಿಗೆ ಮೊದಲನೆಯದು ಹಿತ, ಎರಡನೆಯದರಲ್ಲಿ ಕೈ ಪಳಗಬೇಕು, ಮೂರನೆಯದರಲ್ಲಿ ಮನೆಗೆ ಹೋಗಿ. ಫೋನಿನ ಆ್ಯಪ್ ನಾಟ್ ಲೆಕ್ಕದಲ್ಲಿ ತೋರಿಸಿದರೆ 1.85ರಿಂದ ಗುಣಿಸಿ.

ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಎದುರಿಗೆ ಗಡಿಯಾರದ ಮೇಲಿನ ಅರ್ಧ ಇದೆ ಅಂದುಕೊಳ್ಳಿ. ತಲೆಯ ಮೇಲೆ 12, ಎಡ ತುದಿ 9, ಬಲ ತುದಿ 3. ಅಂಚಿನಲ್ಲಿ ಕೈಟ್ ಮೆತ್ತಗಿರುತ್ತದೆ. ನಿಮ್ಮ ನೇರ ಎದುರಿಗೆ ಕೆಳಗಿಳಿದರೆ ಒದ್ದು ಎಳೆಯುತ್ತದೆ. ಮೊದಲು 12ರಲ್ಲಿ ನಿಲ್ಲಿಸಿ. ಆಮೇಲೆ 10ಕ್ಕೆ ಇಳಿಸಿ ಅಲ್ಲೇ ಹಿಡಿಯಿರಿ, 2ಕ್ಕೆ ತಂದು ಅಲ್ಲೇ ಹಿಡಿಯಿರಿ. ಸ್ಕಿಮ್‌ಬೋರ್ಡಿಗೆ ಬೇಕಾದ ಮುಖ್ಯ ವಿದ್ಯೆ ಇದೇ: ಕೈಟನ್ನು ಕೆಳಗೆ ಒಂದೇ ಜಾಗದಲ್ಲಿ ಅಲ್ಲಾಡದಂತೆ ಇಟ್ಟುಕೊಳ್ಳುವುದು. ಕಾಲಿಗೆ ಪಟ್ಟಿ ಇಲ್ಲವಲ್ಲ, ಕೈಟ್ ಮೇಲಕ್ಕೆ ಹೋದರೆ ನಿಮ್ಮನ್ನು ಮಾತ್ರ ಎತ್ತುತ್ತದೆ, ಬೋರ್ಡು ನೀರಲ್ಲೇ ಉಳಿಯುತ್ತದೆ. ಕೈಟ್ ಕಡೆ ನೋಡದೆ, ಪಕ್ಕದವರ ಜೊತೆ ಮಾತಾಡುತ್ತಾ ಒಂದೇ ಕೈಯಲ್ಲಿ ನಿಲ್ಲಿಸಲು ಬಂದರೆ ನೀವು ಸಮುದ್ರಕ್ಕೆ ತಯಾರು ಅಂತ ಅರ್ಥ.

ಎಲ್ಲಿ, ಯಾವಾಗ

ಊರಲ್ಲಿ ಗಾಳಿ ಜೋರಿರುವ ತಿಂಗಳಲ್ಲೇ ನಮ್ಮ ಕರಾವಳಿ ಕೆಲಸಕ್ಕೆ ಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್ ಇರುತ್ತದೆ, ಅಲೆಯೂ ಬಹಳ ಒರಟು. ಸೆಪ್ಟೆಂಬರಿನವರೆಗೂ ಅತ್ತ ತಲೆ ಹಾಕಬೇಡಿ. ಫೆಬ್ರವರಿಯಿಂದ ಮೇವರೆಗೆ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಹಗುರ ಕಡಲಗಾಳಿ ಏಳುತ್ತದೆ. ದೊಡ್ಡ ಸಾಹಸಕ್ಕೆ ಸಾಲದು, ಸ್ಕಿಮ್‌ಬೋರ್ಡಿಗೆ ಸರಿಯಾಗಿದೆ. ಸರ್ಫಿಂಗಿಗೆ ಹೆಸರಾದ ಮೂಲ್ಕಿ, ಸಸಿಹಿತ್ಲು ಕಡೆ ಅಲೆ, ನದಿ ಸೇರುವ ಜಾಗದ ಸೆಳೆತ ಎರಡೂ ಇವೆ. ಸ್ಥಳೀಯರನ್ನು ಕೇಳದೆ ನೀರಿಗಿಳಿಯಬೇಡಿ.

ಕಲಿಯುವುದಕ್ಕೆ ನಾನು ಹೇಳುವುದು ರಾಮೇಶ್ವರ. ಧನುಷ್ಕೋಡಿ ಕಡೆ ಆಳವಿಲ್ಲದ, ಅಲೆಯಿಲ್ಲದ ನೀರು ಬೇಕಾದಷ್ಟಿದೆ, ಕೈಟ್ ಕಲಿಸುವ ಶಾಲೆಗಳೂ ಇವೆ. ಬೇಸಿಗೆಯಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಗಾಳಿ, ಚಳಿಗಾಲದಲ್ಲಿ ಈಶಾನ್ಯ ಗಾಳಿ. ಬೆಂಗಳೂರಿನಿಂದ ಮದುರೈಗೆ ರಾತ್ರಿ ರೈಲು ಹಿಡಿದರೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 170 ಕಿ.ಮೀ.

ಶಾಲೆಗೆ ಸೇರದೆ ವಿಡಿಯೋ ನೋಡಿ ನೀರಿಗಿಳಿಯುವವರಿಗೆ ಈ ಲೇಖನ ಅಲ್ಲ. ನೀರಿಂದ ಕೈಟ್ ಮತ್ತೆ ಎಬ್ಬಿಸುವುದು, ಬೋರ್ಡಿಲ್ಲದೆ ಮೈಯನ್ನೇ ಕೈಟಿನಿಂದ ಎಳೆಸಿಕೊಂಡು ಗಾಳಿಯೆದುರು ಸಾಗುವುದು, ಇವೆರಡನ್ನೂ ಗುರುವಿನಿಂದಲೇ ಕಲಿಯಬೇಕು. ಎರಡನೆಯದು ಸ್ಕಿಮ್‌ಬೋರ್ಡಿಗೆ ಇನ್ನೂ ಮುಖ್ಯ. ಬಿದ್ದಾಗಲೆಲ್ಲ ಬೋರ್ಡು ಬೇರೆ ಕಡೆ ಹೋಗುತ್ತದೆ, ಹಾಗೆ ಸಾಗಿಯೇ ಅದನ್ನು ಹಿಡಿಯಬೇಕು. ದಾರ ಕಟ್ಟಿ ಬೋರ್ಡನ್ನು ಮೈಗೆ ಬಿಗಿದುಕೊಂಡರೆ ಅದೇ ವಾಪಸ್ ಬಂದು ತಲೆಗೆ ಬಡಿಯುತ್ತದೆ. ಪಟ್ಟಿ ಇರುವ ಮಾಮೂಲಿ ಬೋರ್ಡಿನಲ್ಲಿ ಹೊರಟ ಜಾಗಕ್ಕೇ ವಾಪಸ್ ಬರಲು ಕಲಿತ ಮೇಲೆ ಸ್ಕಿಮ್‌ಬೋರ್ಡ್ ಹತ್ತಿ ಅನ್ನುವುದು ನನ್ನ ಅಭಿಪ್ರಾಯ. ನೇರವಾಗಿ ಹತ್ತಿ ಕಲಿತವರೂ ಇದ್ದಾರೆ. ಅವರು ದಡದುದ್ದಕ್ಕೂ ಬೋರ್ಡು ಹೊತ್ತು ನಡೆದಿದ್ದೇ ಜಾಸ್ತಿ.

ಗಾಳಿ ದಡಕ್ಕೆ ಅಡ್ಡಲಾಗಿಯೋ ಓರೆಯಾಗಿ ದಡದ ಕಡೆಗೋ ಬೀಸುತ್ತಿರಬೇಕು. ದಡದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ಇಳಿಯಬಾರದು. ತೊಂದರೆಯಾದರೆ ಬಿಡುವ ಕ್ರಮ ಇದು: ಮೊದಲು ಬಾರ್ (ಕೈಟ್ ನಡೆಸುವ ಹಿಡಿಕೋಲು) ಬಿಡಿ, ಆಮೇಲೆ ಹಾರ್ನೆಸ್‌ನ (ಕೈಟ್ ಸಿಕ್ಕಿಸಲು ಸೊಂಟಕ್ಕೆ ಕಟ್ಟುವ ಪಟ್ಟಿ) ಕ್ವಿಕ್ ರಿಲೀಸ್ ಒತ್ತಿ, ಆಗಲೂ ಎಳೆಯುತ್ತಿದ್ದರೆ ಲೀಶ್ (ಕೈಟನ್ನು ನಿಮಗೆ ಕಟ್ಟಿರುವ ಕೊನೆಯ ದಾರ) ಕಳಚಿ. ಕಣ್ಣು ಮುಚ್ಚಿಕೊಂಡು ಮಾಡಲು ಬರುವವರೆಗೂ ದಡದಲ್ಲೇ ಅಭ್ಯಾಸ ಮಾಡಿ. ಹೆಲ್ಮೆಟ್, ತೇಲುವ ಜಾಕೆಟ್ ಬಿಟ್ಟು ಹೋಗಬೇಡಿ.

ಫಿನ್ ಏನು ಮಾಡುತ್ತದೆ

ಕೈಟ್ ನಿಮ್ಮನ್ನು ಗಾಳಿ ಹೋಗುವ ಕಡೆಗೆ ಎಳೆಯುತ್ತದೆ. ನೀವು ಹೋಗಬೇಕಾಗಿರುವುದು ಅದಕ್ಕೆ ಅಡ್ಡಲಾಗಿ. ಈ ಎಳೆತವನ್ನು ನೀರಲ್ಲಿ ತಡೆಯುವುದು ಎರಡೇ: ಬೋರ್ಡಿನ ಅಂಚು, ಮತ್ತೆ ಫಿನ್.

ಹಿಂಭಾಗದಲ್ಲಿ ಫಿನ್ ಇದ್ದರೆ ಅದು ನೀರನ್ನು ಹಿಡಿದುಕೊಂಡು ಬಾಲ ಜಾರದಂತೆ ನೋಡಿಕೊಳ್ಳುತ್ತದೆ. ಹಿಂಗಾಲಿನ ಮೇಲೆ ಭಾರ ಜಾಸ್ತಿಯಾದರೂ, ಹಿಮ್ಮಡಿ ಸ್ವಲ್ಪ ಸಡಿಲವಾದರೂ ಫಿನ್ ಕ್ಷಮಿಸುತ್ತದೆ. ಕುಲುಕುವ ನೀರಲ್ಲಿ, ಸಣ್ಣ ಅಲೆಗಳಲ್ಲಿ ಬೋರ್ಡು ನೇರ ಓಡುತ್ತದೆ. ಗಾಳಿಯೆದುರು ಏರುವುದು ಬೇಗ ಬರುತ್ತದೆ.

ಫಿನ್ ಇಲ್ಲದಿದ್ದರೆ ಹಿಡಿತವೆಲ್ಲ ಅಂಚಿನದೇ. ಉದ್ದಕ್ಕೂ ಅಂಚು ನೀರಲ್ಲಿ ಕೂತಿದ್ದರೆ ಚೆನ್ನಾಗಿಯೇ ಹಿಡಿಯುತ್ತದೆ. ಹಿಂಗಾಲು ಒತ್ತಿದ ತಕ್ಷಣ ಮುಂದಿನ ಅರ್ಧ ನೀರಿಂದ ಮೇಲೇಳುತ್ತದೆ, ಹಿಡಿಯುವ ಉದ್ದ ಅರ್ಧವಾಗುತ್ತದೆ, ಬಾಲ ಹೊರಗೆ ಜಾರುತ್ತದೆ, ನೀವು ಬೆನ್ನಡಿಯಾಗಿ ಬೀಳುತ್ತೀರಿ. ಕೈಟ್ ಬೇಕಾದ್ದಕ್ಕಿಂತ ದೊಡ್ಡದಿದ್ದರೆ ಇದು ಇನ್ನೂ ಬೇಗ ಆಗುತ್ತದೆ.

ಹಾಗಾದರೆ ಫಿನ್ ಯಾಕೆ ತೆಗೆಯಬೇಕು? ಮೊದಲನೆಯದು ಆಳ. 5 ಸೆಂ.ಮೀ. ಫಿನ್ ಮರಳಿಗೆ ತಗಲಿದರೆ ಬೋರ್ಡು ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. ಫಿನ್ ಇಲ್ಲದ್ದು ಪಾದ ಮುಳುಗುವಷ್ಟು ನೀರಲ್ಲೂ ಓಡುತ್ತದೆ. ಎರಡನೆಯದು ಆಟ. ಬೋರ್ಡನ್ನು ಕಾಲಡಿ ತಿರುಗಿಸುವುದು, ಅಡ್ಡಡ್ಡ ಜಾರುವುದು, ಹಿಂದುಮುಂದಾಗಿ ಇಳಿಯುವುದು ಎಲ್ಲಕ್ಕೂ ಫಿನ್ ಅಡ್ಡಿ. ಮೂರನೆಯದೇ ನನಗೆ ದೊಡ್ಡದು. ಫಿನ್ ಇರುವವರೆಗೂ ನಿಮ್ಮ ಹಿಮ್ಮಡಿಯ ಕೆಲಸವನ್ನು ಅದೇ ಮಾಡುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ತೆಗೆದ ದಿನ ಗೊತ್ತಾಗುತ್ತದೆ.

ಅದಕ್ಕೇ ಒಮ್ಮೆಗೇ ತೆಗೆಯಬೇಡಿ. ಮೊದಲು ಎಲ್ಲ ಫಿನ್ ಹಾಕಿ, ಹೊರಟ ಜಾಗಕ್ಕೆ ಸಲೀಸಾಗಿ ವಾಪಸ್ ಬರುವವರೆಗೆ ಓಡಿಸಿ. ಆಮೇಲೆ ದೊಡ್ಡ ಫಿನ್ ಬಿಚ್ಚಿ 2-3 ಸೆಂ.ಮೀ.ನ ಸಣ್ಣದು ಹಾಕಿ. ನಾಲ್ಕಿದ್ದರೆ ಮುಂದಿನ ಎರಡು ತೆಗೆಯಿರಿ. ಬಾಲದ ಹತ್ತಿರದ ಎರಡು ಸಣ್ಣ ಫಿನ್ ಮಾತ್ರ ಉಳಿದಾಗ ಸ್ವಲ್ಪ ಕಾಲ ಅಲ್ಲೇ ನಿಲ್ಲಿ. ಬಹಳ ಜನ ಈ ಹಂತದಲ್ಲೇ ಖುಷಿಯಾಗಿ ಉಳಿಯುತ್ತಾರೆ, ತಪ್ಪೇನಿಲ್ಲ. ಫಿನ್ ತೆಗೆದಾಗ ಸ್ಕ್ರೂ ಮಾತ್ರ ವಾಪಸ್ ಹಾಕುವುದಾದರೆ ಉದ್ದ ನೋಡಿ. ಸ್ಕ್ರೂ ಕೆಳಗಿನಿಂದ ಹಾಕುವ ಬೋರ್ಡಾದರೆ, ಫಿನ್‌ನ ದಪ್ಪ ಹೋಗಿರುವುದರಿಂದ ಅದೇ ಸ್ಕ್ರೂ ಪ್ಯಾಡ್ ತೂತು ಮಾಡಿಕೊಂಡು ಅಂಗಾಲಿಗೆ ಚುಚ್ಚಬಹುದು. ಗಿಡ್ಡ ಸ್ಕ್ರೂ ಹಾಕಿ. ತೂತನ್ನು ಹಾಗೇ ಬಿಟ್ಟರೆ ಒಳಗೆ ನೀರು ಇಳಿಯುತ್ತದೆ.

ಬೋರ್ಡು: ಕೊಳ್ಳುವುದೋ, ಮಾಡಿಸುವುದೋ

ಮೊದಲ ಬೋರ್ಡಿಗೆ ಬಿಚ್ಚಿ ಹಾಕಬಹುದಾದ ಫಿನ್ ಇರಲಿ. ಅಂಟಿಸಿದ ಫಿನ್ ಬೇಡ. ತೂಕ 75 ಕಿಲೋಗಿಂತ ಜಾಸ್ತಿ ಇದ್ದರೆ 140 ಸೆಂ.ಮೀ. ಆಸುಪಾಸು ನೋಡಿ.

ಫಿನ್ ಇಲ್ಲದ ಬೋರ್ಡನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಐಎಸ್ 710 ಗುರುತಿನ 4 ಮಿ.ಮೀ. ಮೆರೈನ್ ಪ್ಲೈವುಡ್ಡಿನ ಎರಡು ಪದರ ತಗೊಂಡು ಎಪಾಕ್ಸಿ ಹಚ್ಚಿ, ಮೂತಿಯ ಕಡೆ 4-5 ಸೆಂ.ಮೀ. ಮೇಲಕ್ಕೆ ಬಾಗುವಂತೆ ಅಚ್ಚಿನ ಮೇಲೆ ಕ್ಲಾಂಪ್ ಹಾಕಿ ಒಣಗಿಸಬೇಕು. ಒಂದೇ ದಪ್ಪ ಹಲಗೆಯನ್ನು ಬಗ್ಗಿಸಿದರೆ ವಾಪಸ್ ನೆಟ್ಟಗಾಗುತ್ತದೆ. ಎರಡು ಪದರ ಬಾಗಿದಂತೆಯೇ ಅಂಟಿಕೊಂಡರೆ ಆ ಆಕಾರ ಉಳಿಯುತ್ತದೆ. ಮೂತಿ ಬಾಗಿಲ್ಲದಿದ್ದರೆ ಮೊದಲ ಸಣ್ಣ ಅಲೆಗೇ ನೀರೊಳಗೆ ನುಗ್ಗುತ್ತದೆ. ಅಂಚನ್ನು ಉಜ್ಜಿ ದುಂಡಗೆ ಮಾಡಿಸಿ, ಆದರೆ ಕೆಳಗಿನ ಮೂಲೆ ಸ್ವಲ್ಪ ಚೂಪಾಗಿಯೇ ಇರಲಿ, ಹಿಡಿತ ಅಲ್ಲಿಂದಲೇ. ಎಲ್ಲ ಕಡೆ, ಮುಖ್ಯವಾಗಿ ಅಂಚಿಗೆ, ಎಪಾಕ್ಸಿ ಕುಡಿಸಿ. ಒಂದು ಕೂದಲೆಳೆ ಬಿರುಕಿದ್ದರೂ ಉಪ್ಪುನೀರು ಪದರ ಬಿಡಿಸುತ್ತದೆ. ಬಡಗಿಗೆ ಇದು ಬಾಗಿಲಿನ ಕೆಲಸದ ಹಾಗೆ ಕಾಣಬಾರದು, ಕೂತು ಚಿತ್ರ ಬರೆದು ತೋರಿಸಿ.

ಮನೆಯಲ್ಲಿ ಒಂದು ದಪ್ಪ ಪಿವಿಸಿ ಪೈಪಿನ ಮೇಲೆ ಗಟ್ಟಿ ಹಲಗೆ ಇಟ್ಟು ಸಮತೋಲ ಅಭ್ಯಾಸ ಮಾಡಿ. ಮೊಣಕಾಲು ಬಗ್ಗಿಸಿ, ಸೊಂಟ ಕೆಳಗಿಳಿಸಿ. ಪಕ್ಕದಲ್ಲಿ ಗೋಡೆ ಇರಲಿ.

ನೀರಲ್ಲಿ ಹೊರಡುವುದು

75 ಕಿಲೋ ತೂಕದವರಿಗೆ ಗಂಟೆಗೆ 20-25 ಕಿ.ಮೀ. ಗಾಳಿಯಲ್ಲಿ 12 ಚದರ ಮೀಟರ್ ಕೈಟ್ ಸಾಕು. ಹಾರ್ನೆಸ್ ಸೊಂಟದ ಕೆಳಗೆ ಕೂರಲಿ, ಎಳೆತ ಕೆಳಗಿದ್ದಷ್ಟೂ ಕಾಲು ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಫಿನ್ ಇದ್ದರೆ ಸೊಂಟದುದ್ದ ನೀರಲ್ಲಿ ಶುರು ಮಾಡಿ. ಕೈಟ್ 12ರಲ್ಲಿರಲಿ. ನೀರಲ್ಲಿ ಕೂತು ಬೋರ್ಡನ್ನು ಹಿಂದಿನ ಕೈಯಿಂದ ಹಿಡಿದು, ಅಂಚಿನ ಮೇಲೆ ನಿಲ್ಲಿಸಿ ಎರಡು ಹಿಮ್ಮಡಿಗಳಿಂದ ಒತ್ತಿ. ನೀರಿನ ಒತ್ತಡವೇ ಅದನ್ನು ಪಾದಕ್ಕೆ ಅಂಟಿಸುತ್ತದೆ. ಕೈಟನ್ನು ಮೆತ್ತಗೆ ಹೋಗಬೇಕಾದ ಕಡೆ ಇಳಿಸಿ. ಮಾಮೂಲಿ ಬೋರ್ಡಿನಲ್ಲಿ ಮಾಡುವಂತೆ ರಭಸವಾಗಿ ಇಳಿಸಿದರೆ ನೀವು ಎದ್ದು ಹೋಗುತ್ತೀರಿ, ಬೋರ್ಡು ಇಲ್ಲೇ. ಮೇಲೇಳುವಾಗ ಮೂತಿ ಸ್ವಲ್ಪ ಗಾಳಿ ಹೋಗುವ ಕಡೆ ತಿರುಗಿರಲಿ, ವೇಗ ಬಂದ ಮೇಲೆ ಅಡ್ಡಕ್ಕೆ ತಿರುಗಿಸಿ.

ಫಿನ್ ಇಲ್ಲದಿದ್ದರೆ ಮೀನಖಂಡದವರೆಗಿನ ನೀರೇ ಸಾಕು. ಕೈಟ್ 11ರಲ್ಲೋ 1ರಲ್ಲೋ ನಿಲ್ಲಲಿ, ಸಣ್ಣಗೆ ಎಳೆಯುತ್ತಿರಲಿ. ಬೋರ್ಡನ್ನು ನೀರಿನ ಮೇಲೆ ಚಪ್ಪಟೆಯಾಗಿ ಇಟ್ಟು ಹಿಂದಿನ ಕೈಯಿಂದ ಬಾಲ ಹಿಡಿದುಕೊಳ್ಳಿ. ಮುಂಗಾಲನ್ನು ನಡುವಿಗಿಂತ ಸ್ವಲ್ಪ ಮುಂದೆ ಇಡಿ. ಎಳೆತ ಬಂದ ಕೂಡಲೇ ಹಿಂಗಾಲು ಇಟ್ಟು ಕೈ ಬಿಡಿ. ಎರಡು ಕಾಲನ್ನೂ ಒಟ್ಟಿಗೆ ಎಗರಿಸಿ ಇಡಲು ಹೋಗಬೇಡಿ, ಬೋರ್ಡು ಮುಂದಕ್ಕೆ ಜಿಗಿದು ಹೋಗುತ್ತದೆ.

ಗಾಳಿಯೆದುರು ಏರುವುದು

ಇಲ್ಲೇ ಎಲ್ಲರೂ ಸಿಕ್ಕಿಕೊಳ್ಳುವುದು. ಫಿನ್ ಇದ್ದಾಗ ಹಿಂಗಾಲು ಫಿನ್‌ಗಳ ಮೇಲೆ ಅಥವಾ ಸ್ವಲ್ಪ ಮುಂದೆ ಇರಲಿ. ಭುಜವನ್ನು ಹೋಗಬೇಕಾದ ಕಡೆ ತಿರುಗಿಸಿ, ಕಣ್ಣು ಗಾಳಿ ಬರುವ ದಿಕ್ಕಿನ ಒಂದು ದೋಣಿಯೋ ಕಂಬವೋ ಏನಾದರೂ ಗುರುತಿನ ಮೇಲಿರಲಿ. ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ, ಬೋರ್ಡು ತಾನಾಗಿ ಏರುತ್ತದೆ.

ಫಿನ್ ತೆಗೆದ ಮೇಲೆ ಮೂರು ಬದಲಾವಣೆ ಬೇಕು. ಎರಡೂ ಕಾಲನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಭಾರವನ್ನು ಸಮನಾಗಿ ಹಂಚಿ, ಬೇಕಿದ್ದರೆ ಮುಂಗಾಲಿಗೇ ಒಂದು ಪಾಲು ಜಾಸ್ತಿ. ಬೋರ್ಡನ್ನು ತೀರಾ ಓರೆ ಮಾಡಬೇಡಿ, ಅಂಚು ಉದ್ದಕ್ಕೂ ನೀರು ಮುಟ್ಟಿರುವಷ್ಟು ಸಾಕು. ಬಾಲ ಜಾರಲು ಶುರುವಾದರೆ ಎಲ್ಲರ ಕಾಲೂ ತಂತಾನೇ ಹಿಂಗಾಲನ್ನು ಒತ್ತುತ್ತದೆ. ಅದರಿಂದ ಜಾರುವುದು ಇನ್ನೂ ಜಾಸ್ತಿ. ಆ ಹೊತ್ತಿಗೆ ಬಾರನ್ನು ಒಂದು ಗೇಣು ದೂರ ತಳ್ಳಿ ಎಳೆತ ಕಡಿಮೆ ಮಾಡಿ, ಮುಂಗಾಲ ಮೇಲೆ ಬನ್ನಿ, ಬೋರ್ಡು ಮತ್ತೆ ಹಿಡಿದುಕೊಳ್ಳುತ್ತದೆ. ವೇಗ ಇಲ್ಲದೆ ಏರಲು ಹೋದರೂ ಇದೇ ಗತಿ. ಮೊದಲು ಚಪ್ಪಟೆಯಾಗಿ ಬಿಟ್ಟು ವೇಗ ತಗೊಳ್ಳಿ, ಆಮೇಲೆ ಅಂಚು ಕೊಡಿ.

ಕೈಟನ್ನು ಆಗಾಗ ಮೇಲೆ ಕೆಳಗೆ ಆಡಿಸುವ ಚಾಳಿ ಇದ್ದರೆ ಬಿಡಿ. ಗಾಳಿ ಸಾಲದಿದ್ದರೆ ಮಾತ್ರ ಆಡಿಸಿ.

ತಿರುಗುವುದು

ಫಿನ್ ಇರುವ ಬೋರ್ಡು ಮೂತಿ ಮುಂದಾಗಿ ಮಾತ್ರ ಓಡುತ್ತದೆ. ತಿರುಗಬೇಕಾದರೆ ಕೈಟನ್ನು ಮೇಲಿನಿಂದ ಆ ಕಡೆಗೆ ತಂದು, ಬೋರ್ಡನ್ನು ಗಾಳಿ ಹೋಗುವ ದಿಕ್ಕಿನಲ್ಲಿ ದೊಡ್ಡ ಸುತ್ತು ಹಾಕಿಸಿ. ಸುತ್ತು ಮುಗಿದಾಗ ಬೆರಳ ಕಡೆಯ ಅಂಚಿನ ಮೇಲೆ ಓಡುತ್ತಿರುತ್ತೀರಿ. ಅಲ್ಲೇ ಸ್ವಲ್ಪ ದೂರ ಹೋಗಿ, ಬೋರ್ಡು ಚಪ್ಪಟೆ ಮಾಡಿ ಕಾಲು ಅದಲು ಬದಲು ಮಾಡಿ. ಮೊದಲು ಹಿಂಗಾಲನ್ನು ಮುಂಗಾಲ ಪಕ್ಕಕ್ಕೆ ತಂದು, ಆಮೇಲೆ ಮುಂಗಾಲನ್ನು ಹಿಂದಕ್ಕೆ ತಳ್ಳುವುದು ಸುಲಭ. ಕೈಟ್ ಆ ಕ್ಷಣ ಅಲ್ಲಾಡಬಾರದು.

ಫಿನ್ ಇಲ್ಲದ, ಎರಡು ತುದಿಯೂ ಒಂದೇ ಥರ ಇರುವ ಬೋರ್ಡಿಗೆ ಈ ರಗಳೆ ಇಲ್ಲ. ನಿಧಾನಕ್ಕೆ ಬಂದು, ಕೈಟ್ ಆಚೆಗೆ ತಂದರೆ ಬಾಲವೇ ಮೂತಿಯಾಗುತ್ತದೆ. ಇಲ್ಲವೇ ಓಡುತ್ತಿರುವಾಗಲೇ ಮುಂಗಾಲ ಮೇಲೆ ಭಾರ ಹಾಕಿ, ಹಿಂಗಾಲಿಂದ ಬಾಲವನ್ನು ಒದ್ದು ಅರ್ಧ ಸುತ್ತು ಜಾರಿಸಿ. ಈ ಜಾರು ಒಮ್ಮೆ ಕಾಲಿಗೆ ಹತ್ತಿದರೆ ಫಿನ್ ವಾಪಸ್ ಹಾಕಲು ಮನಸ್ಸೇ ಬರುವುದಿಲ್ಲ. ಆದರೂ ನೀರು ಕುಲುಕುವ ದಿನ, ಗಾಳಿ ಬಿಟ್ಟು ಬಿಟ್ಟು ಬೀಸುವ ದಿನ ಎರಡು ಸಣ್ಣ ಫಿನ್ ಹಾಕಿಕೊಂಡೇ ಹೋಗಿ.

ಬೀಳುವಾಗ ಬೋರ್ಡನ್ನು ಕಾಲಿಂದ ದೂರ ಒದೆಯಿರಿ. ಅಲೆಗೂ ನಿಮಗೂ ನಡುವೆ ಬೋರ್ಡು ಇರಬಾರದು. ಆಳವಿಲ್ಲದ ಕಡೆ ತಲೆ ಮುಂದಾಗಿ ಬೀಳದೆ ಅಂಗಾತವಾಗಿ, ಚಪ್ಪಟೆಯಾಗಿ ಬೀಳಿ.

ಊರಿಗೆ ವಾಪಸಾದ ಮೇಲೆ

ಅಲ್ಲೇ ಸಿಹಿನೀರಲ್ಲಿ ತೊಳೆದು ತನ್ನಿ. ಕೈಟನ್ನು ನೆರಳಲ್ಲೇ ಒಣಗಿಸಿ. ಬೋರ್ಡನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಒಳಗಿನ ಫೋಮ್ ಉಬ್ಬಿ ಪದರ ಬಿಡುತ್ತದೆ. ಮೇಣವನ್ನೂ ಕಾರಿಂದ ಇಳಿಸಿ, ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ಸೀಟಿಗೆ ಹತ್ತಿದರೆ ಹೋಗುವುದಿಲ್ಲ. ಬಿಸಿನೀರಿಗೆ ಅಂತಲೇ ಬರುವ ಗಟ್ಟಿ ಮೇಣ ತಗೊಂಡರೆ ವಾಸಿ. ಫಿನ್‌ನ ಸ್ಕ್ರೂಗಳನ್ನು ಬಿಚ್ಚಿ, ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು ಡಬ್ಬಿಯಲ್ಲಿಡಿ. ಹಾಗೇ ಬಿಟ್ಟರೆ ತುಕ್ಕು ಹಿಡಿದು, ಮುಂದಿನ ಸಲ ಫಿನ್ ತೆಗೆಯಬೇಕು ಅಂದುಕೊಂಡರೂ ತೆಗೆಯಲು ಬರುವುದಿಲ್ಲ.